ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯೋಣ

 

ವೆಬ್ ಪುಟ ಮಾಡೋದು ಬೆಂಗಳೂರಿನ ಇಂಜಿನಿಯರುಗಳ ಕೆಲಸ ಅಂತ ನಾವೆಲ್ಲಾ ತಿಳಿದಿದ್ದೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ದೊಡ್ಡಪ್ಪನ ಮಗಳು ಈ ಬೇಸಿಗೆ ರಜೆಯಲ್ಲಿ ಒಂದು ಭಾನುವಾರ ತನ್ನ ಲ್ಯಾಪ್‌ಟಾಪ್ ಮುಂದೆ ನನ್ನನ್ನು ಕೂರಿಸಿದಳು. ಸಂಜೆ ಹೊತ್ತಿಗೆ ನಮ್ಮ ಬೇತಮಂಗಲದ ಕೆರೆಯ ಬಗ್ಗೆ ಒಂದು ಪುಟ ಮಾಡಿಬಿಟ್ಟೆ.

ಇದಕ್ಕೆ ಬೇಕಾದ ಭಾಷೆಯ ಹೆಸರು ಎಚ್‌ಟಿಎಂಎಲ್. ಇದನ್ನು ರೂಪಿಸಿದವರು ಟಿಮ್ ಬರ್ನರ್ಸ್ ಲೀ. ಜಗತ್ತಿಗೆ ವೆಬ್ ಬಂದದ್ದು 1991ರಲ್ಲಿ. ಅರ್ಥವಾಗಬೇಕಾದರೆ ಈ ಗೋಡೆ ಪತ್ರಿಕೆಯನ್ನೇ ನೋಡಿ. ಮೇಲೆ ತಲೆಬರಹ, ಕೆಳಗೆ ಪ್ಯಾರಾ, ಪಕ್ಕದಲ್ಲಿ ಚಿತ್ರ. ವೆಬ್ ಪುಟವೂ ಅಷ್ಟೇ. ಯಾವುದು ತಲೆಬರಹ, ಯಾವುದು ಪ್ಯಾರಾ ಅಂತ ಗುರುತು ಹಾಕಬೇಕು. ಆ ಗುರುತೇ ಟ್ಯಾಗ್. ತೆರೆದ ಟ್ಯಾಗನ್ನು ಮುಚ್ಚಬೇಕು. ನಾನು ತಲೆಬರಹದ ಟ್ಯಾಗ್ ಮುಚ್ಚೋದು ಮರೆತೆ. ಇಡೀ ಕೆರೆಯ ಕಥೆ ದಪ್ಪ ದಪ್ಪ ಅಕ್ಷರದಲ್ಲಿ ಬಂತು! ಅಕ್ಕ ನಕ್ಕಳೇ ಹೊರತು ಹೇಳಿಕೊಡಲಿಲ್ಲ. ನಾನೇ ತಪ್ಪು ಹುಡುಕಿದೆ. ಆದ್ದರಿಂದ ಅದು ಇನ್ನು ಮರೆಯೋದಿಲ್ಲ.

ಕಲಿಯಲು ಒಳ್ಳೆಯ ಜಾಗ ಯಾವುದು ಅಂತ ಅಕ್ಕನನ್ನು ಕೇಳಿದೆ. ಡಬ್ಲ್ಯೂತ್ರೀಸ್ಕೂಲ್ಸ್, ಎಂಡಿಎನ್ ಎರಡೂ ಪುಕ್ಕಟೆ. ಮೊದಲನೆಯದರಲ್ಲಿ ಪಾಠ ಚಿಕ್ಕದು, ಅಲ್ಲೇ ಬರೆದು ನೋಡಬಹುದು. ಎರಡನೆಯದರಲ್ಲಿ ವಿವರ ಜಾಸ್ತಿ. ಆದರೆ ಪಾಠ ಬರೆದಿರೋದು ಇಂಗ್ಲಿಷಿನಲ್ಲಿ. ಮುಂಬೈ ಐಐಟಿಯವರ ಸ್ಪೋಕನ್ ಟುಟೋರಿಯಲ್‌ನಲ್ಲಿ ಕೆಲವು ಕಂಪ್ಯೂಟರ್ ಪಾಠಗಳು ಕನ್ನಡದಲ್ಲೂ ಇವೆ.

ನನ್ನ ಅಭಿಪ್ರಾಯ ಏನೆಂದರೆ, ಒಳ್ಳೆಯ ಪಾಠ ಸಿಕ್ಕರೂ ಬರೀ ನೋಡಿದರೆ ಬರೋದಿಲ್ಲ. ಕೆರೆ ದಡದಲ್ಲಿ ಕೂತು ಈಜು ಕಲಿತವರುಂಟೆ? ಕೈಯಿಂದ ಬರೆಯಬೇಕು. ಬರೆಯೋದಕ್ಕೆ ನೆಟ್ ಕೂಡ ಬೇಡ. ನೋಟ್‌ಪ್ಯಾಡಿನಲ್ಲಿ ಬರೆದು, ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಅಂತ ಹಾಕಿ ಉಳಿಸಿ, ಬ್ರೌಸರಿನಲ್ಲಿ ತೆರೆದರೆ ಸಾಕು. ಯುಟಿಎಫ್ 8 ಅಂತ ಆರಿಸಿ, ಪುಟದಲ್ಲೂ ಹಾಗೇ ಬರೆದರೆ ಕನ್ನಡ ಅಕ್ಷರ ಸರಿಯಾಗಿ ಬರುತ್ತದೆ.

ಆದರೆ ನಮ್ಮ ಶಾಲೆಯ ಕಂಪ್ಯೂಟರ್ ಬಟ್ಟೆ ಹೊದ್ದು ಮಲಗಿದೆ. ಮಕ್ಕಳು ಮುಟ್ಟಿದರೆ ಕೆಡುತ್ತೆ ಅನ್ನುತ್ತಾರೆ. ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಬರೆದರೆ ಯಂತ್ರ ಹೇಗೆ ಕೆಡುತ್ತೆ ಗುರುಗಳೇ? ಸುಮ್ಮನೆ ಇಟ್ಟರೇ ಧೂಳು ಕೂರೋದು. ನಮ್ಮೆಲ್ಲರ ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಅಕ್ಕ ಇಲ್ಲ. ಎಷ್ಟೋ ಮಕ್ಕಳಿಗೆ ಇದೊಂದೇ ಕಂಪ್ಯೂಟರ್.

ಅದಕ್ಕೆ ನನ್ನ ಕೋರಿಕೆ ಇಷ್ಟೇ. ಪ್ರತಿ ಶನಿವಾರ ಒಂದು ಗಂಟೆ ಬಟ್ಟೆ ತೆಗೆಯಿರಿ. ಹತ್ತು ಟ್ಯಾಗುಗಳ ಅರ್ಥವನ್ನು ಕನ್ನಡದಲ್ಲಿ ಚಾರ್ಟಿನಲ್ಲಿ ನಾನೇ ಬರೆದು ಗೋಡೆಗೆ ಅಂಟಿಸುತ್ತೇನೆ. ಪಾಲಾರ್ ನದಿಯ ನಮ್ಮ ಕೆರೆ ಕೆಜಿಎಫ್‌ಗೆ ನೀರು ಕೊಟ್ಟಿದ್ದು, 2001ರಲ್ಲಿ ಚಿನ್ನದ ಗಣಿ ಮುಚ್ಚಿದ್ದು, ಇವನ್ನೆಲ್ಲಾ ನಮ್ಮ ತಾತ ಅಜ್ಜಿಯರನ್ನು ಕೇಳಿ ಒಬ್ಬೊಬ್ಬರು ಒಂದೊಂದು ಪುಟ ಮಾಡೋಣ. ನಮ್ಮೂರಿನ ಸುದ್ದಿ ನಾವಲ್ಲದೆ ಮತ್ಯಾರು ಬರೀತಾರೆ?

ತಪ್ಪಿದ್ದರೆ ದೊಡ್ಡವರು ಕ್ಷಮಿಸಬೇಕು.

– ಏಳನೇ ತರಗತಿ ವಿದ್ಯಾರ್ಥಿನಿ