ಗುರುಮಠದ ಹಾದಿ ದೀರ್ಘ, ರೋಗಿಯ ಹಾಸಿಗೆ ದೂರ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕ್ರೈಸ್ತ ಯುವಕನೊಬ್ಬ ಗುರುವಾಗಲು ನಿರ್ಧರಿಸಿದರೆ ಮೊದಲು ಮಾಡಬೇಕಾದುದು ಊರು ಬಿಡುವುದು. ಸುಮಾರು ಹತ್ತು ವರ್ಷಗಳ ಆ ಸಿದ್ಧತೆ, ಮಲೆನಾಡಿನ ಜನ ಗುರುವನ್ನು ಅತ್ಯಂತ ತುರ್ತಾಗಿ ಅರಸುವ ಗಳಿಗೆಗೆ, ಅಂದರೆ ಕಾಯಿಲೆ ಮತ್ತು ಸಾವಿನ ಹೊತ್ತಿಗೆ, ಆತನನ್ನು ಎಷ್ಟರ ಮಟ್ಟಿಗೆ ಅಣಿಗೊಳಿಸುತ್ತದೆ ಎಂಬುದು ಪ್ರಶ್ನಾರ್ಹವಾಗಿದೆ.

ಈ ಮೂರೂ ತಾಲ್ಲೂಕುಗಳು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿವೆ. ರಾಜ್ಯದಲ್ಲಿ ಕ್ಯಾಥೊಲಿಕ್ ಗುರುಶಿಕ್ಷಣದ ಹಳೆಯ ಕೇಂದ್ರಗಳೆರಡೂ ಇಲ್ಲಿಂದ ದೂರ. ಘಟ್ಟ ಇಳಿದರೆ ಮಂಗಳೂರಿನ ಜೆಪ್ಪುವಿನಲ್ಲಿ 1879ರಲ್ಲಿ ಆರಂಭಗೊಂಡ ಸಂತ ಜೋಸೆಫರ ಗುರುಮಠ; ಬಯಲುಸೀಮೆ ದಾಟಿದರೆ 1934ರಲ್ಲಿ ಪುದುಚೇರಿಯಿಂದ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದ ಸಂತ ಪೇತ್ರರ ಗುರುಮಠ. 1983ರ ಧರ್ಮಸಂಹಿತೆಯ ಪ್ರಕಾರ ತತ್ವಶಾಸ್ತ್ರ, ದೈವಶಾಸ್ತ್ರಗಳ ಅಧ್ಯಯನ ಕನಿಷ್ಠ ಆರು ವರ್ಷ. ಗುರುದೀಕ್ಷೆಗೆ 25 ವರ್ಷ ತುಂಬಿರಬೇಕು. 2016ರಲ್ಲಿ ವ್ಯಾಟಿಕನ್ ಹೊರಡಿಸಿದ ಮಾರ್ಗಸೂಚಿ ಇದಕ್ಕೆ ಮುನ್ನ ಕನಿಷ್ಠ ಒಂದು ವರ್ಷದ ಪೂರ್ವಸಿದ್ಧತೆಯನ್ನೂ ಕಡ್ಡಾಯಗೊಳಿಸಿತು. ಪ್ರೊಟೆಸ್ಟೆಂಟರಿಗೆ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. 1965ರಲ್ಲಿ ರೂಪುಗೊಂಡ ಈ ಸಂಸ್ಥೆಯ ಬೇರು 1847ರ ಬಾಸೆಲ್ ಮಿಷನ್ ಪಾಠಶಾಲೆಯಲ್ಲಿದೆ.

ಆದರೆ ಚರ್ಚಿನ ವೇದಿಕೆಯ ಮೇಲಿನ ಗುರು ಬೇರೆ, ಚಾಪ್ಲಿನ್ ಬೇರೆ. ಆಸ್ಪತ್ರೆ, ಸೆರೆಮನೆ, ಸೇನೆ ಮುಂತಾದೆಡೆ ಇರುವವರ ಪಾಲನೆಗೆಂದೇ ನಿಯುಕ್ತನಾದವನು ಚಾಪ್ಲಿನ್. ಆತನ ಮುಂದೆ ಕುಳಿತಿರುವುದು ಭಾನುವಾರದ ಸಭೆಯಲ್ಲ, ಒಬ್ಬಂಟಿ ಮನುಷ್ಯ. ಮಲೆನಾಡಿನಲ್ಲಿ ಆ ಮನುಷ್ಯ ಬಹುಪಾಲು ತನ್ನೂರಿನಲ್ಲಿಯೂ ಇರುವುದಿಲ್ಲ. ಕಾಯಿಲೆ ಬಿಗಡಾಯಿಸಿದರೆ ಸಾಗರದವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ತೀರ್ಥಹಳ್ಳಿಯವರು ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೆ ಧಾವಿಸುತ್ತಾರೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆ ಉಲ್ಬಣಿಸಿದಾಗಲೂ ರೋಗಿಗಳನ್ನು ಮಣಿಪಾಲಕ್ಕೆ ಒಯ್ಯಲಾಯಿತು. ರೋಗಿ ಒಂದು ಜಿಲ್ಲೆಯಲ್ಲಿ, ಆತನನ್ನು ಬಲ್ಲ ಗುರು ಇನ್ನೊಂದು ಜಿಲ್ಲೆಯಲ್ಲಿ. ಮಳೆಗಾಲದ ಘಟ್ಟದ ರಸ್ತೆಯನ್ನು ಬಲ್ಲವರಿಗೆ ಈ ಅಂತರದ ಅರ್ಥ ವಿವರಿಸಬೇಕಿಲ್ಲ.

ಇನ್ನೊಂದು ತೊಡಕು ಭಾಷೆಯದು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಅನೇಕ ಕ್ಯಾಥೊಲಿಕ್ ಮನೆಗಳಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಶಾಲೆ ಮತ್ತು ಸಂತೆ ಕನ್ನಡದಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಬಲಿಪೂಜೆ ಜನರ ಭಾಷೆಗೆ ಇಳಿಯಿತಾದರೂ ಗುರುಮಠದ ತರಗತಿ ಪ್ರಧಾನವಾಗಿ ಇಂಗ್ಲಿಷಿನಲ್ಲೇ ಉಳಿದಿದೆ. ಇಂಗ್ಲಿಷಿನಲ್ಲಿ ಸಾಂತ್ವನದ ಸಿದ್ಧಾಂತ ಕಲಿತವನು ಅಡಿಕೆ ತೋಟದ ಮುದುಕಿಯೊಬ್ಬಳ ಭಯಕ್ಕೆ ಅವಳದೇ ಮಾತಿನಲ್ಲಿ ಉತ್ತರಿಸಬೇಕು. ಇದನ್ನು ಪಠ್ಯ ಕಲಿಸದು. ಹಾಸಿಗೆಯ ಪಕ್ಕದ ಅಭ್ಯಾಸ ಮಾತ್ರ ಕಲಿಸೀತು.

ಇದು ಉದ್ಯೋಗವೇ ಎಂಬ ಪ್ರಶ್ನೆಗೆ ಪಂಗಡಕ್ಕೊಂದು ಉತ್ತರವಿದೆ. ಕ್ಯಾಥೊಲಿಕರಲ್ಲಿ ಇದು ಕರೆ; ಎಲ್ಲಿಗೆ ಕಳುಹಿಸಬೇಕೆಂಬುದು ಧರ್ಮಾಧ್ಯಕ್ಷರ ನಿರ್ಧಾರ. ಸಿಎಸ್‌ಐ ಸಭೆಯಲ್ಲಿ ದೀಕ್ಷೆ ಮಹಿಳೆಯರಿಗೂ ಲಭ್ಯ. ಭಾರತೀಯ ಸೇನೆಯು ಪಂಡಿತ, ಮೌಲ್ವಿ, ಗ್ರಂಥಿಗಳೊಂದಿಗೆ ಪಾದ್ರಿಗಳನ್ನೂ ನಾಯಬ್ ಸುಬೇದಾರ್ ದರ್ಜೆಯಲ್ಲಿ ನೇಮಿಸಿಕೊಳ್ಳುತ್ತದೆ. ಅದಕ್ಕೆ ಪದವಿಯೂ ಬೇಕು, ದೀಕ್ಷೆಯೂ ಬೇಕು. ಹೆತ್ತವರು ಬಾಯಿಬಿಟ್ಟು ಕೇಳದ ಪ್ರಶ್ನೆಯೊಂದಿದೆ: ಮಗ ಐದಾರು ವರ್ಷದ ನಂತರ ಹಿಂದಿರುಗಿದರೆ ಗತಿ ಏನು? ವಿಶ್ವವಿದ್ಯಾಲಯದ ಪದವಿಯೊಂದನ್ನು ಕೈಯಲ್ಲಿಟ್ಟುಕೊಂಡೇ ಈ ಹಾದಿ ಹಿಡಿಯುವುದು ಲೇಸು. ಹಿಂದಿರುಗುವ ಬಾಗಿಲು ತೆರೆದಿದ್ದಾಗ ಉಳಿಯುವ ನಿರ್ಧಾರವೂ ಪ್ರಾಮಾಣಿಕವಾಗಿರುತ್ತದೆ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಚಾಪ್ಲಿನ್‌ಗಳದೇ ವಿಭಾಗವಿದ್ದು, ವಾರ್ಡುಗಳಲ್ಲಿಯೇ ಮಾರ್ಗದರ್ಶಕರ ಉಸ್ತುವಾರಿಯಲ್ಲಿ ತರಬೇತಿ ನಡೆಯುತ್ತದೆ. ಶಿವಮೊಗ್ಗದ ಮಟ್ಟಿಗೆ ಅಷ್ಟು ದೊಡ್ಡ ವ್ಯವಸ್ಥೆ ಸದ್ಯಕ್ಕೆ ಬೇಕಿಲ್ಲ. ಗುರುಮಠದ ವಿದ್ಯಾರ್ಥಿಗಳು ಪ್ರಾಯೋಗಿಕ ಸೇವೆಗೆಂದು ಊರಿಗೆ ಬರುವ ಅವಧಿಯಲ್ಲಿ ಕೆಲವು ತಿಂಗಳನ್ನಾದರೂ ಅನುಭವಿ ಗುರುವೊಬ್ಬರ ಜೊತೆ ಮೆಗ್ಗಾನ್ ಆಸ್ಪತ್ರೆಯ ತಮ್ಮವರ ಭೇಟಿಗೆ ಮೀಸಲಿಡಬಹುದು. ಅದಕ್ಕೆ ಬೇಕಾದುದು ಆಸ್ಪತ್ರೆಯ ಅನುಮತಿ, ರೋಗಿಯ ಒಪ್ಪಿಗೆ ಮತ್ತು ಸಂಜೆಯ ಭೇಟಿಯ ಸಮಯ.