ಎಂಟನೆಯ ಇಯತ್ತೆಯ ಆಚೆ



ಇಂಥ ಸ್ಮರಣ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿನಿಯರು ತಮ್ಮ ಗುರುಗಳನ್ನೂ ಗೆಳತಿಯರನ್ನೂ ನೆನೆಯುವದು ಯೋಗ್ಯವೇ ಸರಿ. ಆದರೆ ವಿದ್ಯೆಯ ಋಣವು ಸ್ಮರಣೆಯೊಂದರಿಂದಲೇ ತೀರತಕ್ಕದ್ದಲ್ಲ. ಆದುದರಿಂದ ನಮ್ಮ ಶಾಲೆಯ ಆವಾರದ ಹೊರಗಿನದಾದರೂ ನಮ್ಮೆಲ್ಲರಿಗೂ ಸಂಬಂಧಪಟ್ಟ ಸಂಗತಿಯೊಂದನ್ನು ನಿಮ್ಮ ಮುಂದೆ ಇಡುತ್ತೇನೆ. ಅದು ಗುಡಗೇರಿಯ ಮತ್ತು ಅದರ ಸುತ್ತಲಿನ ಹಳ್ಳಿಗಳ ಸರಕಾರಿ ಶಾಲೆಗಳ ಸಂಗತಿ.

ಈ ಸೀಮೆಯಲ್ಲಿ ಹೊಸ ರೀತಿಯ ಶಿಕ್ಷಣವು ಬಂದ ಬಗೆಯನ್ನು ತಾವು ಬಲ್ಲಿರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಮುಂದೆ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದರು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯದೆಯು ಶಾಲೆಗಳ ಆಡಳಿತವನ್ನು ಸ್ಥಳಿಕ ಸಂಸ್ಥೆಗಳ ಸ್ಕೂಲ ಬೋರ್ಡುಗಳಿಗೆ ಒಪ್ಪಿಸಿತು. ಆದರೆ ಕುಂದಗೋಳವು 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರಿಂದ ಬ್ರಿಟಿಷ್ ಧಾರವಾಡದ ಬೋರ್ಡಿನ ಕೈ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಒಂದೇ ಎರೆಭೂಮಿ, ಒಂದೇ ಭಾಷೆ. ಆಳುವವರು ಮಾತ್ರ ಬೇರೆ ಬೇರೆ. ಬೋರ್ಡು ಇದ್ದಲ್ಲಿಯೂ ಅದು ಜಿಲ್ಲೆಯ ಪಟ್ಟಣದಲ್ಲಿ ಕೂಡುತ್ತಿದ್ದಿತು. ಹಳ್ಳಿಯ ತಾಯಿಗೆ ಅದರ ಬಾಗಿಲು ಬಹು ದೂರ.

ಇಂದು ಆ ದೂರವು ಕಾಯದೆಯ ಮಟ್ಟಿಗಾದರೂ ಇಲ್ಲವಾಗಿದೆ. ಕರ್ನಾಟಕದಲ್ಲಿ 2001ರಿಂದ ಸರಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯದೆಯು, ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರತಕ್ಕದ್ದೆಂದೂ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರತಕ್ಕದ್ದೆಂದೂ ವಿಧಿಸಿತು. ಶಾಲೆಯ ಕೆಲಸವನ್ನು ನೋಡಿಕೊಳ್ಳುವದು, ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವದು, ಬಂದ ಹಣವು ಹೇಗೆ ವಿನಿಯೋಗವಾಯಿತೆಂದು ಪರೀಕ್ಷಿಸುವದು, ಇವು ಆ ಸಮಿತಿಯ ಕರ್ತವ್ಯಗಳು. ನಮ್ಮ ಅಜ್ಜಿಯರು ಕನಸಿನಲ್ಲಿಯೂ ಕಾಣದ ಅಧಿಕಾರವಿದು. ಆದರೆ ಅಧಿಕಾರವು ಊರ ಅಗಸಿಯವರೆಗೆ ಬಂದಿತೆಂದ ಮಾತ್ರಕ್ಕೆ ಊರು ಅದನ್ನು ಎದುರುಗೊಂಡಿತೆಂದು ಹೇಳಲಾದೀತೆ? ಎಷ್ಟೋ ಕಡೆ ತಾಯಂದಿರ ಪಾಲಿಗೆ ಬಂದದ್ದು ಸಹಿ ಮಾಡುವ ಅಥವಾ ಹೆಬ್ಬೆಟ್ಟು ಒತ್ತುವ ಕೆಲಸವೊಂದೇ.

ಈ ಮಾತನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಹೇಳುವದೇಕೆಂದರೆ, ಇದರ ನಷ್ಟವು ಮೊದಲು ತಟ್ಟುವದು ಹುಡುಗಿಯರಿಗೆ. ಕಾಯದೆಯ ರಕ್ಷೆಯು ಆರರಿಂದ ಹದಿನಾಲ್ಕು ವರ್ಷದವರೆಗೆ, ಅಂದರೆ ಎಂಟನೆಯ ಇಯತ್ತೆಯವರೆಗೆ ಮಾತ್ರ. ನಮ್ಮಲ್ಲಿ ಬಹುಮಟ್ಟಿಗೆ ಏಳನೆಯದು ಮುಗಿದೊಡನೆ ಊರ ಶಾಲೆಯನ್ನು ಬಿಟ್ಟು ಹೈಸ್ಕೂಲಿಗೆ ಹೋಗಬೇಕಾಗುವದು. ಎಂಟು ಮುಗಿದೊಡನೆ ಕಾಯದೆಯೂ ಕೈಬಿಡುವದು. ಇದೇ ವಯಸ್ಸಿನಲ್ಲಿ ಹುಡುಗಿಯು ದೊಡ್ಡವಳಾಗುವಳು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಅವಳ ಕೈ ಬೇಕೆನಿಸುವದು. ತಮ್ಮ ತಂಗಿಯರನ್ನು ನೋಡಿಕೊಳ್ಳುವವಳೂ ಅವಳೇ. ಸಂಬಂಧಿಕರ ಬಾಯಿಯಲ್ಲಿ ಲಗ್ನದ ಮಾತೂ ಸುಳಿಯುವದು. ಮೂರು ಹೊಸ್ತಿಲುಗಳನ್ನು ಅವಳು ಒಂದೇ ಸಮಯಕ್ಕೆ ದಾಟಬೇಕಾಗಿದೆ, ಮತ್ತು ಆಗಲೇ ಅವಳ ಹೆಸರನ್ನು ಕರೆಯುವವರಿಲ್ಲ. ಶಾಲೆ ಬಿಟ್ಟವಳೆಂದು ಅವಳು ಯಾರಿಗೂ ಹೇಳಿ ಹೋಗುವದಿಲ್ಲ. ಒಂದು ದಿನ ಬರುವದಿಲ್ಲ, ಅಷ್ಟೆ.

ದಾರಿಯ ಭಯವನ್ನು ಪಾಲಕರು ಮುಂದೆ ಮಾಡುವರು. ಅದು ಸುಳ್ಳು ಭಯವಲ್ಲ. 2006-07ರಲ್ಲಿ ಆರಂಭವಾದ ಸೈಕಲ್ ಯೋಜನೆಯೂ 2023ರ ಜೂನ್ 11ರಂದು ಆರಂಭವಾದ ಸ್ತ್ರೀಯರ ಉಚಿತ ಬಸ್ಸಿನ ಪ್ರಯಾಣವೂ ದಾರಿಯ ಖರ್ಚಿಗೆ ಉತ್ತರ ಕೊಟ್ಟವು. ದಾರಿಯ ಭಯಕ್ಕೆ ಉತ್ತರ ಕೊಡಬೇಕಾದವರು ನಾವೇ. ಹುಬ್ಬಳ್ಳಿಯಿಂದ ಗುಡಗೇರಿಗೆ ಬರುವ ರೇಲ್ವೆಯ ಹಾದಿಯಲ್ಲಿಯೇ ಕುಂದಗೋಳವಿದೆ. ಅದೇ ಹಾದಿಯಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರಲ್ಲಿ ಸಂಗೀತವನ್ನು ಕಲಿತರು. ಜನರ ಕುಚೋದ್ಯವನ್ನೂ ಅವರು ಸಹಿಸಬೇಕಾಯಿತು. ಅಂದು ಅವರ ಮನೆಯವರು ಅಂಜಿ ಕದವಿಕ್ಕಿದ್ದರೆ ಆ ಕಂಠವನ್ನು ನಾಡು ಕೇಳುತ್ತಿರಲಿಲ್ಲ. ಪ್ರತಿ ಹುಡುಗಿಯೂ ಗಂಗೂಬಾಯಿಯಾಗಲಾರಳು, ನಿಜ. ಆದರೆ ಯಾವಳು ಏನಾಗುವಳೆಂದು ಹದಿನಾಲ್ಕನೆಯ ವಯಸ್ಸಿನಲ್ಲಿ ನಿರ್ಣಯಿಸಲು ನಾವು ಯಾರು?

ಅಕ್ಷರ ಬಾರದ ಕೂಲಿಯ ಹೆಣ್ಣುಮಕ್ಕಳು ಶಾಲೆಯನ್ನು ನಡೆಸಬಲ್ಲರೆ, ಅದು ಸರಕಾರದ ಕೆಲಸವಲ್ಲವೆ, ಎಂದು ಕೆಲವರು ಕೇಳಬಹುದು. ಶಿಕ್ಷಕರನ್ನು ನೇಮಿಸುವದೂ ಕೋಣೆಗಳನ್ನು ಕಟ್ಟಿಸುವದೂ ಸರಕಾರದ ಕೆಲಸವೇ. ಅದರಿಂದ ಸರಕಾರಕ್ಕೆ ಬಿಡುಗಡೆ ಕೊಡಬೇಕೆಂದು ನಾನು ಹೇಳುವದಿಲ್ಲ. ಆದರೆ ಯಾವ ಮನೆಯ ಮಗಳು ಮೂರು ದಿನದಿಂದ ಬಂದಿಲ್ಲವೆಂಬದು ಬೆಂಗಳೂರಿಗೆ ತಿಳಿಯದು, ನೆರೆಮನೆಯವಳಿಗೆ ತಿಳಿಯುವದು. ಅದನ್ನು ತಿಳಿಯಲು ಅಕ್ಷರ ಬೇಡ, ಅಂತಃಕರಣ ಬೇಕು.

ಇಲ್ಲಿ ನಮ್ಮ ದೋಷವನ್ನೂ ಒಪ್ಪಿಕೊಳ್ಳೋಣ. ಓದು ಕಲಿತು ನಾಲ್ಕು ಕಾಸು ಕಂಡ ನಾವು ನಮ್ಮ ಮಕ್ಕಳನ್ನು ಇಂಗ್ಲೀಷ್ ಶಾಲೆಯ ಬಸ್ಸಿಗೆ ಹತ್ತಿಸಿದೆವು. ನಮ್ಮ ಮಕ್ಕಳೊಡನೆ ಊರ ಶಾಲೆಯ ಚಿಂತೆಯೂ ಆ ಬಸ್ಸನ್ನೇರಿ ಹೋಯಿತು. ಕೇಳುವ ಬಾಯಿಯುಳ್ಳವರು ಹೊರಟುಹೋದ ಮೇಲೆ ಮಾಳಿಗೆ ಸೋರಿದರೂ ಶಿಕ್ಷಕರ ಜಾಗ ಖಾಲಿಯಿದ್ದರೂ ಅರ್ಜಿ ಬರೆಯುವವರಾರು? ಮಕ್ಕಳನ್ನು ಎಲ್ಲಿ ಓದಿಸಬೇಕೆಂಬದು ಅವರವರ ಇಚ್ಛೆ. ಆದರೆ ಊರ ಶಾಲೆಯನ್ನು ಮರೆಯುವದು ಯಾರ ಹಕ್ಕೂ ಅಲ್ಲ.

ಆದುದರಿಂದ ಮೂರು ಚಿಕ್ಕ ಸೂಚನೆಗಳನ್ನು ಮಾಡುತ್ತೇನೆ. ಮೊದಲನೆಯದು, ಸಮಿತಿಯ ಸಭೆಗಳು ಕೂಲಿಯವರು ಹೊಲದಿಂದ ಮರಳಿದ ಮೇಲೆ ಸಂಜೆಯಲ್ಲಿ ಕೂಡಲಿ. ಲೆಕ್ಕವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಲಿ. ಎರಡನೆಯದು, ಏಳು ಮತ್ತು ಎಂಟನೆಯ ಇಯತ್ತೆಗಳನ್ನು ಮುಗಿಸಿದ ಪ್ರತಿ ಹುಡುಗಿಯ ಹೆಸರನ್ನು ಒಂದು ವಹಿಯಲ್ಲಿ ಬರೆದಿಟ್ಟು, ಅವಳು ಹತ್ತನೆಯದನ್ನು ಮುಗಿಸುವವರೆಗೆ ವಿಚಾರಿಸುತ್ತಿರಲಿ. ಮೂರನೆಯದು ನಮ್ಮ ಪಾಲಿನದು: ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬೊಬ್ಬಳು ತನ್ನ ತವರೂರಿನ ಅಥವಾ ಗಂಡನ ಊರಿನ ಒಬ್ಬ ಹುಡುಗಿಯ ಮನೆಗೆ ಜೂನ್ ತಿಂಗಳಲ್ಲಿ ತಾನೇ ಹೋಗಿ, ಅವಳ ತಾಯಿಯೊಡನೆ ಕುಳಿತು ಮಾತನಾಡಲಿ. ಉಪದೇಶ ಮಾಡುವದು ಬೇಡ. ತಾನು ಓದಿದ್ದರಿಂದ ತನಗೇನಾಯಿತೆಂದು ಹೇಳಿದರೆ ಸಾಕು.

ಯಜಮಾನನು ಕೊಟ್ಟ ತಲಾಂತನ್ನು ಭೂಮಿಯಲ್ಲಿ ಹೂತಿಟ್ಟ ಆಳಿನ ಕತೆಯನ್ನು ನಾವು ಶಾಲೆಯಲ್ಲಿ ಕೇಳಿದವರು. ಅವನು ಅದನ್ನು ಕದಿಯಲಿಲ್ಲ, ಕಳೆಯಲೂ ಇಲ್ಲ, ಸುಮ್ಮನೆ ಇಟ್ಟುಕೊಂಡನು. ಅಷ್ಟೇ ಅವನ ಅಪರಾಧ. ನಮಗೆ ದೊರೆತ ವಿದ್ಯೆಯ ಲೆಕ್ಕವನ್ನು ಕೇಳುವ ದಿನ ಬಂದಾಗ ಮಣ್ಣು ಮೆತ್ತಿದ ನಾಣ್ಯವನ್ನು ನಾವು ತೆಗೆದು ತೋರಿಸುವಂತಾಗದಿರಲಿ.