ಕೋಳಿ ಕಂಪನಿಯದು, ನಷ್ಟ ನಮ್ಮದು: ಗುತ್ತಿಗೆ ಕೋಳಿ ಸಾಕಾಣಿಕೆ ರೈತರ ಮನವಿ ಪತ್ರ

ಇವರಿಗೆ,
ಮಾನ್ಯ ಪಶುಸಂಗೋಪನಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.
(ಮಾನ್ಯ ಉಪನಿರ್ದೇಶಕರು, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ಚಿಕ್ಕಬಳ್ಳಾಪುರ, ಇವರ ಮುಖಾಂತರ)

ಇವರಿಂದ,
ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಗುತ್ತಿಗೆ ಕೋಳಿ ಸಾಕಾಣಿಕೆ ರೈತರು.

ವಿಷಯ: ಬ್ರಾಯ್ಲರ್ ಕೋಳಿ ಸಾಕಾಣಿಕೆಯಲ್ಲಿ ಗುತ್ತಿಗೆ ಕರಾರು, ತೂಕ ಮತ್ತು ಲೆಕ್ಕಪತ್ರ, ಹಕ್ಕಿಜ್ವರದ ಪರಿಹಾರ ಹಾಗೂ ಇತರ ತೊಂದರೆಗಳನ್ನು ಸರಿಪಡಿಸಿಕೊಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವು ಈ ಎರಡು ಜಿಲ್ಲೆಗಳಲ್ಲಿ ಕಂಪನಿಗಳ ಮರಿಗಳನ್ನು ನಮ್ಮ ಶೆಡ್ಡಿನಲ್ಲಿ ಸಾಕಿ, ಕಿಲೋ ಲೆಕ್ಕದಲ್ಲಿ ಸಾಕಾಣಿಕೆ ಕೂಲಿ ಪಡೆಯುವ ರೈತರು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 85 ಕೋಟಿಗೂ ಹೆಚ್ಚು, ನಮ್ಮ ರಾಜ್ಯದಲ್ಲಿ ಸುಮಾರು 5.95 ಕೋಟಿ ಕೋಳಿಗಳಿದ್ದವು. ಈ ಅಂಕಿ ತೋರಿಸಿ ಉದ್ಯಮ ಬೆಳೆಯುತ್ತಿದೆ ಎನ್ನುತ್ತಾರೆ. ಬೆಳೆದಿರುವುದು ನಿಜ. ಆದರೆ ಸಾಲ ಮಾಡಿ ಶೆಡ್ಡು ಕಟ್ಟಿದವನ ಕೈಗೆ ಬ್ಯಾಚಿನ ಕೊನೆಯಲ್ಲಿ ಏನು ಉಳಿಯಿತು ಎಂದು ಕೇಳುವವರಿಲ್ಲ.

ಕರಾರಿನ ಪ್ರಕಾರ ಮರಿ, ಫೀಡ್, ಔಷಧ, ಸೂಪರ್‌ವೈಸರ್ ಕಂಪನಿಯವರದು. ಜಾಗ, ಶೆಡ್ಡು, ನೀರು, ಕರೆಂಟು, ನೆಲಕ್ಕೆ ಹಾಸುವ ಹೊಟ್ಟು, ಇದ್ದಿಲು, ಹಗಲಿರುಳಿನ ದುಡಿಮೆ ನಮ್ಮದು. ನಲವತ್ತು ದಿನ ಸಾಕಿದರೂ ಒಂದು ಕೋಳಿ ಮಾರುವ ಹಕ್ಕು ನಮಗಿಲ್ಲ, ಏಕೆಂದರೆ ಅದು ನಮ್ಮದಲ್ಲ. ಇದಕ್ಕೆ ನಮ್ಮ ತಕರಾರಿಲ್ಲ. ಮಾರುಕಟ್ಟೆಯ ಏರಿಳಿತ ನಮ್ಮ ತಲೆಗೆ ಬರಬಾರದೆಂದೇ ಈ ಪದ್ಧತಿಗೆ ಸೇರಿದೆವು. ಆದರೆ ಬಿಟ್ಟುಬಂದ ನಷ್ಟ ಹಿತ್ತಿಲ ಬಾಗಿಲಿನಿಂದ ಮತ್ತೆ ನಮ್ಮ ಲೆಕ್ಕಕ್ಕೇ ಬರುತ್ತಿದೆ. ಹೇಗೆ ಎಂಬುದನ್ನು ತಾವು ಸ್ವಲ್ಪ ಸಾವಧಾನವಾಗಿ ಓದಬೇಕೆಂದು ಕೋರುತ್ತೇವೆ.

ಮರಿಯ ಗಾಡಿ ಬರುವುದು ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ. ಅಷ್ಟರೊಳಗೆ ಹೊಟ್ಟು ಹಾಸಿ, ಮೇಲೆ ಪೇಪರ್ ಹರಡಿ, ಸುತ್ತ ತಗಡಿನ ಗಾರ್ಡ್ ಕಟ್ಟಿ, ಕೆಂಡದ ಒಲೆ ಇಟ್ಟು ಒಳಗಿನ ಕಾವನ್ನು 32ರಿಂದ 35 ಡಿಗ್ರಿಗೆ ತಂದಿರಬೇಕು. ನೂರು ಮರಿಯ ಡಬ್ಬಗಳನ್ನು ಇಳಿಸಿಕೊಳ್ಳುವಾಗ ಹೊಕ್ಕುಳು ಕೂಡದ ಮರಿ, ಕಾಲು ಸೋತ ಮರಿ, ನೀರಿಗೆ ಕೊಕ್ಕು ಹಾಕಲೂ ಆಗದ ಮರಿ ಕಣ್ಣಿಗೆ ಬೀಳುತ್ತವೆ. ವಾಪಸ್ ಕಳಿಸುವಂತಿಲ್ಲ, ಡೆಲಿವರಿ ಚೀಟಿಯ ಮೇಲೆ ಷರಾ ಬರೆಯುವಂತಿಲ್ಲ. ಮೊದಲ ವಾರದಲ್ಲಿ ಅವು ಸಾಯುತ್ತವೆ. ಹ್ಯಾಚರಿಯಿಂದಲೇ ದೋಷ ಹೊತ್ತು ಬಂದ ಮರಿಯೂ, ನಮ್ಮ ಬ್ರೂಡಿಂಗ್ (ಮರಿಗೆ ಕಾವು ಕೊಡುವುದು) ಕೆಟ್ಟು ಸತ್ತ ಮರಿಯೂ ಒಂದೇ ಕಾಲಂನಲ್ಲಿ, ‘ಮಾರ್ಟಾಲಿಟಿ’ ಎಂದು, ನಮ್ಮ ಹೆಸರಿಗೆ ಬರೆಯಲ್ಪಡುತ್ತವೆ. ಮರಿ ಇಳಿಸಿದ ಮೊದಲ ಏಳು ದಿನದ ಸಾವನ್ನು ಪ್ರತ್ಯೇಕವಾಗಿ ದಾಖಲಿಸಬೇಕು, ನಿಗದಿತ ಮಿತಿ ಮೀರಿದರೆ ಕಾರಣವನ್ನು ಇಲಾಖೆಯ ಪಶುವೈದ್ಯರು ಗೊತ್ತುಮಾಡಬೇಕು, ದೋಷ ಮರಿಯದ್ದಾದರೆ ರೈತನ ಕೂಲಿಯಲ್ಲಿ ಕಡಿತ ಆಗಬಾರದು ಎಂಬುದು ನಮ್ಮ ಮೊದಲ ಬೇಡಿಕೆ.

ಇನ್ನು ಫೀಡಿನ ಲೆಕ್ಕ. ನಮ್ಮ ಕೂಲಿ ನಿಂತಿರುವುದೇ ಎಫ್‌ಸಿಆರ್ ಮೇಲೆ, ಅಂದರೆ ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋ ಫೀಡ್ ಖರ್ಚಾಯಿತು ಎಂಬುದರ ಮೇಲೆ. ಐದು ಸಾವಿರ ಮರಿಯ ಒಂದು ಬ್ಯಾಚು ಇಟ್ಟುಕೊಳ್ಳಿ. ನೂರಕ್ಕೆ ಐದು ಸತ್ತು, ಉಳಿದ 4,750 ಕೋಳಿ ಸರಾಸರಿ 2.2 ಕಿಲೋ ತೂಗಿದರೆ ಒಟ್ಟು 10,450 ಕಿಲೋ. ಎಫ್‌ಸಿಆರ್ 1.6 ಬಂದರೆ 16,720 ಕಿಲೋ ಫೀಡ್, 1.7 ಬಂದರೆ 17,765 ಕಿಲೋ. ವ್ಯತ್ಯಾಸ 1,045 ಕಿಲೋ, ಐವತ್ತು ಕಿಲೋದ ಸುಮಾರು 21 ಚೀಲ. ಫೀಡಿಗೆ ಕಿಲೋಗೆ 40 ರೂಪಾಯಿ ಹಿಡಿದರೂ 41,800 ರೂಪಾಯಿ. ಕೋಳಿಯ ತೂಕಕ್ಕೆ ಹಂಚಿದರೆ ಕಿಲೋಗೆ ನಾಲ್ಕು ರೂಪಾಯಿ ಉತ್ಪಾದನಾ ವೆಚ್ಚ ಏರುತ್ತದೆ. ಕಿಲೋಗೆ ಕೆಲವೇ ರೂಪಾಯಿ ಕೂಲಿ ಪಡೆಯುವವನಿಗೆ ಈ ನಾಲ್ಕು ರೂಪಾಯಿ ಎಂದರೆ ಏನೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ಆ 21 ಚೀಲ ಎಲ್ಲಿ ಹೋದವು ಎಂಬುದಕ್ಕೆ ರೈತನೇ ಉತ್ತರ ಹೇಳಬೇಕು. ಕೆಲವರು ಫೀಡ್ ಹಾಳು ಮಾಡುತ್ತಾರೆ, ಮಾರಿಕೊಂಡವರೂ ಇರಬಹುದು. ಅದನ್ನು ಮುಚ್ಚಿಡುವ ಉದ್ದೇಶ ನಮಗಿಲ್ಲ. ಆದರೆ ಚೀಲ ಇಳಿಸುವಾಗ ತೂಕ ಹಾಕುವ ಪದ್ಧತಿಯೇ ಇಲ್ಲ. ಹರಿದ ಚೀಲವೂ ಐವತ್ತು ಕಿಲೋ, ಕಾಳು ಒಡೆದು ಹುಡಿಯಾದದ್ದೂ ಐವತ್ತು ಕಿಲೋ. ಇದಕ್ಕಿಂತ ದೊಡ್ಡ ಹೊಡೆತ ಲಿಫ್ಟಿಂಗ್‌ನದು. ಕೋಳಿ ತೂಕಕ್ಕೆ ಬಂದ ಮೇಲೆ ಎತ್ತುವ ದಿನ ತೀರ್ಮಾನಿಸುವುದು ಕಂಪನಿ. ಮಾರುಕಟ್ಟೆ ದರ ಬಿದ್ದಿದ್ದರೆ ಗಾಡಿ ಬರುವುದಿಲ್ಲ, ಇವತ್ತು ನಾಳೆ ಎಂದು ದೂಡುತ್ತಾರೆ. ಆ ಹೊತ್ತಿಗೆ ಐದು ಸಾವಿರ ಕೋಳಿಯ ಶೆಡ್ಡು ದಿನಕ್ಕೆ ಹದಿನೈದು ಚೀಲದ ಮೇಲೆ ತಿನ್ನುತ್ತಿರುತ್ತದೆ. ದಪ್ಪಗಾದಷ್ಟೂ ತಿಂದದ್ದು ಮೈಗೆ ಹತ್ತುವುದು ಕಡಿಮೆ, ಬಿಸಿಲಿಗೆ ಸಾಯುವುದು ಹೆಚ್ಚು. ಸತ್ತ ಎರಡೂವರೆ ಕಿಲೋದ ಕೋಳಿ ಅಷ್ಟು ದಿನ ತಿಂದ ಫೀಡನ್ನೂ ನಮ್ಮ ಲೆಕ್ಕಕ್ಕೆ ಬಿಟ್ಟು ಹೋಗುತ್ತದೆ. ಕಂಪನಿ ದರಕ್ಕಾಗಿ ಕಾಯುತ್ತದೆ, ಕಾದ ಖರ್ಚು ರೈತನ ಎಫ್‌ಸಿಆರ್‌ನಲ್ಲಿ ಕಾಣಿಸುತ್ತದೆ.

ಕೊನೆಗೆ ಗಾಡಿ ಬಂದಾಗ ನಡುರಾತ್ರಿ, ಬ್ಯಾಟರಿ ಬೆಳಕಿನಲ್ಲಿ, ಕಂಪನಿಯಿಂದ ಕೋಳಿ ಕೊಳ್ಳುವ ವ್ಯಾಪಾರಿಯ ತಕ್ಕಡಿಯಲ್ಲಿ ತೂಕ. ಅದರ ಮೇಲೆ ಸರ್ಕಾರಿ ಮುದ್ರೆ ಇದೆಯೇ ಎಂದು ಕೇಳಿದವನ ಶೆಡ್ಡಿಗೆ ಮುಂದಿನ ಮರಿ ತಡವಾಗುತ್ತದೆ. ನಮ್ಮದೇ ಜಿಲ್ಲೆಗಳಲ್ಲಿ ಡೇರಿಗೆ ಹಾಲು ಹಾಕಿದರೆ ಅಳತೆ ಎಷ್ಟು, ಫ್ಯಾಟ್ ಎಷ್ಟು ಎಂದು ನಿಂತಲ್ಲೇ ಚೀಟಿ ಸಿಗುತ್ತದೆ. ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ದರೆ ಇ-ಹರಾಜು ಇದೆ. ಹಾಲಿಗೂ ರೇಷ್ಮೆಗೂ ಸಾಧ್ಯವಾದದ್ದು ಕೋಳಿಗೆ ಏಕೆ ಸಾಧ್ಯವಿಲ್ಲ? ಫೀಡ್ ಇಳಿಸುವಾಗ ಮತ್ತು ಕೋಳಿ ಎತ್ತುವಾಗ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ತಕ್ಕಡಿಯನ್ನೇ ಬಳಸಬೇಕು, ತೂಕದ ಚೀಟಿ ಸ್ಥಳದಲ್ಲೇ ಕೊಡಬೇಕು. ಕರಾರಿನಲ್ಲಿ ಲಿಫ್ಟಿಂಗ್‌ನ ಕೊನೆಯ ದಿನ ನಮೂದಾಗಿರಬೇಕು. ಆ ದಿನ ದಾಟಿದ ಮೇಲೆ ತಿಂದ ಫೀಡ್, ಸತ್ತ ಕೋಳಿ ಎರಡೂ ಕಂಪನಿಯ ಲೆಕ್ಕಕ್ಕೇ ಹೋಗಬೇಕು.

ಕರಾರು ಎಂದೆವು. ಹಲವರ ಬಳಿ ಅದರ ಪ್ರತಿಯೇ ಇಲ್ಲ. ಇದ್ದವರ ಬಳಿ ಇಂಗ್ಲಿಷಿನಲ್ಲಿದೆ, ಜೊತೆಗೆ ಭದ್ರತೆಗೆಂದು ಸಹಿ ಮಾಡಿದ ಖಾಲಿ ಚೆಕ್ ಕಂಪನಿಯ ಬೀರುವಿನಲ್ಲಿದೆ. ಕೇಂದ್ರ ಸರ್ಕಾರ 2018ರಲ್ಲಿ ಜಾನುವಾರು ಉತ್ಪನ್ನಗಳನ್ನೂ ಸೇರಿಸಿ ಗುತ್ತಿಗೆ ಕೃಷಿಯ ಮಾದರಿ ಕಾಯ್ದೆಯನ್ನು ರಾಜ್ಯಗಳಿಗೆ ಕಳುಹಿಸಿತು. ಪಕ್ಕದ ತಮಿಳುನಾಡು 2019ರಲ್ಲಿ ಅದರಂತೆ ಕಾಯ್ದೆ ಮಾಡಿಕೊಂಡಿತು. ಅಲ್ಲಿ ಎಲ್ಲವೂ ಸರಿಹೋಗಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ದೂರು ಕೊಡಲು ಒಂದು ಬಾಗಿಲಾದರೂ ಬೇಕು. ಕೋಳಿ ಸಾಕಾಣಿಕೆಗೆ ಒಪ್ಪುವ ಕಾಯ್ದೆ ಬರುವವರೆಗೆ ಕನ್ನಡದಲ್ಲಿ ಒಂದು ಮಾದರಿ ಕರಾರನ್ನು ಇಲಾಖೆಯೇ ಪ್ರಕಟಿಸಬೇಕು, ಕರಾರುಗಳನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ನೋಂದಾಯಿಸಬೇಕು, ಖಾಲಿ ಚೆಕ್ ಪಡೆಯುವುದನ್ನು ನಿಷೇಧಿಸಬೇಕು, ಉಪವಿಭಾಗಾಧಿಕಾರಿಗಳ ಮಟ್ಟದಲ್ಲಿ ಮೂವತ್ತು ದಿನದೊಳಗೆ ವ್ಯಾಜ್ಯ ತೀರ್ಮಾನವಾಗುವ ವ್ಯವಸ್ಥೆ ಮಾಡಬೇಕು.

ಹಕ್ಕಿಜ್ವರದ ವಿಷಯ ನಮಗೆ ಹೊಸದಲ್ಲ. ದೇಶದಲ್ಲಿ ಇದು ಮೊದಲು ಕಾಣಿಸಿದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯೂ ಇದರ ಹೊಡೆತ ತಿಂದಿತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಮತ್ತೆ ಬಂತು. ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ ಖಚಿತವಾದ ಮೇಲೆ ಸುತ್ತಲ ಒಂದು ಕಿಲೋಮೀಟರ್‌ನೊಳಗಿನ ಎಲ್ಲ ಕೋಳಿಗಳನ್ನು ಕೊಂದು ಹೂಳುತ್ತಾರೆ, ಹತ್ತು ಕಿಲೋಮೀಟರ್ ನಿಗಾ ವಲಯವಾಗುತ್ತದೆ. ರೋಗ ತಡೆಯಲು ಇದು ಬೇಕು, ಅಡ್ಡಿ ಮಾಡುವ ಮಾತೇ ಇಲ್ಲ.

ನಮ್ಮ ಅಳಲು ಪರಿಹಾರದ ಬಗ್ಗೆ. ಕೇಂದ್ರ ಮತ್ತು ರಾಜ್ಯ ಸಮಪಾಲು ಹಾಕಿ ಕೊಡುವ ಪರಿಹಾರ, ಕೊಂದ ಹಕ್ಕಿ, ನಾಶಪಡಿಸಿದ ಮೊಟ್ಟೆ ಮತ್ತು ಫೀಡಿಗೆ. ಕೊಲ್ಲುವ ತಂಡ ಬರುವ ಮೊದಲೇ ಸತ್ತದ್ದಕ್ಕೆ ಇಲ್ಲ. ಗುತ್ತಿಗೆ ಪದ್ಧತಿಯಲ್ಲಿ ಹಕ್ಕಿಯೂ ಫೀಡೂ ಕಂಪನಿಯ ಸ್ವತ್ತು. ಶೆಡ್ಡು ತೊಳೆದು, ಸುಣ್ಣ ಬಳಿದು, ನಿಗಾ ಅವಧಿ ಮುಗಿಯುವವರೆಗೆ ತಿಂಗಳುಗಟ್ಟಲೆ ಖಾಲಿ ಇಟ್ಟುಕೊಂಡು ಬ್ಯಾಂಕಿನ ಕಂತು ಕಟ್ಟುವ ರೈತ ಆ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಇದರ ಇನ್ನೊಂದು ಪರಿಣಾಮವನ್ನು ಇಲಾಖೆ ಗಮನಿಸಬೇಕು: ಹೇಳಿದರೆ ನಷ್ಟ, ಮುಚ್ಚಿಟ್ಟರೆ ಲಾಭ ಎಂಬ ಸ್ಥಿತಿ ಇರುವಾಗ ಸಾವಿನ ಸುದ್ದಿ ತಡವಾಗಿಯೇ ಬರುತ್ತದೆ. ಬೇಗ ತಿಳಿಸಿದವನಿಗೆ ಸತ್ತ ಹಕ್ಕಿಗೂ ಪರಿಹಾರ ಸಿಗಲಿ. ಪರಿಹಾರದ ಮೊತ್ತದಲ್ಲಿ ಸಾಕಾಣಿಕೆ ಕೂಲಿಯ ಪಾಲು ನೇರವಾಗಿ ರೈತನ ಖಾತೆಗೆ ಬರಲಿ. ಶೆಡ್ಡು ಖಾಲಿ ಇರುವ ಅವಧಿಯ ಕಂತುಗಳನ್ನು ಮುಂದೂಡಿ, ಬಡ್ಡಿಯನ್ನು ಸರ್ಕಾರ ಭರಿಸಲಿ.

ರೋಗವಿಲ್ಲದೆಯೂ ಗಾಳಿಮಾತು ನಮ್ಮನ್ನು ಮುಳುಗಿಸಬಲ್ಲದು. 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೋನಾ ಬರುತ್ತದೆಂಬ ಸುಳ್ಳು ಮೊಬೈಲಿನಲ್ಲಿ ಹರಿದಾಡಿ, ಬೆಳಗಾವಿ ಮತ್ತು ಕೋಲಾರ ಜಿಲ್ಲೆಗಳಲ್ಲಿ ಜೀವಂತ ಕೋಳಿಗಳನ್ನು ಗುಂಡಿಗೆ ಸುರಿದು ಮುಚ್ಚಬೇಕಾಯಿತು. ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆಂಬ ಮಾತಂತೂ ವರ್ಷವಿಡೀ ಇದ್ದದ್ದೇ. ಐದು ಸಾವಿರ ಕೋಳಿಗೆ ಒಂದೊಂದಾಗಿ ಸೂಜಿ ಚುಚ್ಚುತ್ತಾ ಕೂರಲು ಯಾರಿಗೆ ಪುರುಸೊತ್ತಿದೆಯೋ ನಮಗೆ ತಿಳಿಯದು. ಬೇಗ ಬೆಳೆಯುವುದು ತಳಿಯ ಗುಣ ಮತ್ತು ಫೀಡಿನ ಗುಣ. ಆದರೆ ಆ್ಯಂಟಿಬಯೋಟಿಕ್ ಬಗೆಗಿನ ಆತಂಕ ಸುಳ್ಳಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಆಹಾರದ ಪ್ರಾಣಿಗಳಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಸೂಪರ್‌ವೈಸರ್ ತಂದ ಪುಡಿಯನ್ನು ನೀರಿನ ಟ್ಯಾಂಕಿಗೆ ಹಾಕುವ ನಮಗೆ ಅದರಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಔಷಧದ ಹೆಸರು, ಕೊಟ್ಟ ದಿನ, ಎಷ್ಟು ದಿನದ ನಂತರ ಕೋಳಿ ಎತ್ತಬಹುದು ಎಂಬುದನ್ನು ಪಶುವೈದ್ಯರ ಸಹಿಯೊಡನೆ ಶೆಡ್ಡಿನ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆಯುವುದು ಕಡ್ಡಾಯವಾಗಲಿ.

ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಕೋಳಿ ತಿನ್ನುವ ಫೀಡಿನ ಎರಡರಷ್ಟಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿರುವ ಜಿಲ್ಲೆಗಳಿವು. ಮಧ್ಯಾಹ್ನ ಎರಡು ಗಂಟೆಗೆ ಕರೆಂಟು ಹೋಗಿ ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ನಿಂತರೆ, ಛಾವಣಿಗೆ ನೀರು ಹೊಡೆದು, ಗೋಣಿ ಪರದೆ ನೆನೆಸಿ ಎಷ್ಟೇ ಓಡಾಡಿದರೂ ದೊಡ್ಡ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತಾ ಕಣ್ಣೆದುರೇ ಬೀಳುತ್ತವೆ. ಮಾರ್ಚ್‌ನಿಂದ ಮೇವರೆಗೆ ಕೋಳಿ ಶೆಡ್ಡುಗಳಿರುವ ಮಾರ್ಗಗಳಿಗೆ ಹಗಲು ಅಡೆತಡೆಯಿಲ್ಲದ ವಿದ್ಯುತ್ ಹಾಗೂ ಛಾವಣಿ ಸೋಲಾರ್‌ಗೆ ಸಹಾಯಧನ ಕೊಡಿಸಬೇಕು. ಬಿಸಿಲಿನ ಸಾವಿಗೆ ಅನ್ವಯಿಸುವ ವಿಮೆಯನ್ನೂ ತರಬೇಕು.

ತೆರಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಳಿ ಸಾಕಾಣಿಕೆ ಕೃಷಿ ಚಟುವಟಿಕೆಯೇ ಹೊರತು ವಾಣಿಜ್ಯವಲ್ಲ ಎಂದು ಮಾನ್ಯ ಕರ್ನಾಟಕ ಉಚ್ಚ ನ್ಯಾಯಾಲಯ 2023ರಲ್ಲಿ ಹೇಳಿದೆ. ಆದರೂ ಪಂಚಾಯಿತಿಗಳಿಂದ ವಾಣಿಜ್ಯ ಕಟ್ಟಡದ ತೆರಿಗೆಯ ನೋಟಿಸು ನಿಂತಿಲ್ಲ. ಎಲ್ಲ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ) ಒಂದು ಸುತ್ತೋಲೆ ಹೊರಡಿಸಿದರೆ ಮುಗಿಯುವ ಕೆಲಸ ಇದು. ನೊಣ ಮತ್ತು ವಾಸನೆಯ ಬಗ್ಗೆ ಊರಿನವರ ದೂರು ಮಾತ್ರ ನ್ಯಾಯವಾದದ್ದು. ಸತ್ತ ಕೋಳಿಯ ವಿಲೇವಾರಿ ಗುಂಡಿ ಮತ್ತು ಗೊಬ್ಬರದ ಮುಚ್ಚಿಗೆಗೆ ನೆರವು ಕೊಟ್ಟು ಆಮೇಲೆ ನಿಯಮ ಬಿಗಿ ಮಾಡಲಿ, ನಾವು ಪಾಲಿಸುತ್ತೇವೆ.

ಸ್ವಂತ ಮರಿ ಹಾಕಿ ಸಾಕುವ ನಮ್ಮ ಕೆಲವರ ಸಂಕಟ ಮೆಕ್ಕೆಜೋಳ ಮತ್ತು ಸೋಯಾದ್ದು. 2021ರಲ್ಲಿ ಸೋಯಾ ಹಿಂಡಿಯ ದರ ಕೈಮೀರಿದಾಗ ಕೇಂದ್ರವೇ 12 ಲಕ್ಷ ಟನ್ ಆಮದಿಗೆ ಅನುಮತಿ ಕೊಡಬೇಕಾಯಿತು. ಈಗ ಎಥನಾಲ್‌ಗೆ ಮೆಕ್ಕೆಜೋಳ ಹೋಗುತ್ತಿದೆ. ದಾವಣಗೆರೆ, ಹಾವೇರಿಯ ರೈತರಿಗೆ ಒಳ್ಳೆಯ ಬೆಲೆ ಸಿಗುವುದನ್ನು ನಾವು ವಿರೋಧಿಸುವುದಿಲ್ಲ. ಸುಗ್ಗಿಯಲ್ಲಿ ಸಹಕಾರಿ ವ್ಯವಸ್ಥೆಯ ಮೂಲಕ ಖರೀದಿಸಿ ದಾಸ್ತಾನು ಮಾಡಿ, ಸಣ್ಣ ಸಾಕಾಣಿಕೆದಾರರಿಗೆ ವರ್ಷವಿಡೀ ಒಂದೇ ದರದಲ್ಲಿ ಕೊಡುವ ಏರ್ಪಾಡು ಸಾಕು. ರಾಷ್ಟ್ರೀಯ ಜಾನುವಾರು ಮಿಷನ್ ಕೋಳಿಗೆ ಕೊಡುವ ಶೇಕಡಾ ಐವತ್ತರ ಸಹಾಯಧನ, ಗರಿಷ್ಠ 25 ಲಕ್ಷ, ಹಿತ್ತಿಲ ತಳಿಗಳ ಮಾತೃಕೋಳಿ ಘಟಕ ಮತ್ತು ಹ್ಯಾಚರಿಗೆ ಮೀಸಲು. ಬ್ರಾಯ್ಲರ್ ಶೆಡ್ಡಿನ ದುರಸ್ತಿಗೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಈ ಕೊರತೆಯನ್ನು ರಾಜ್ಯದ ಬಜೆಟ್‌ನಲ್ಲಿ ತುಂಬಿಕೊಡಬೇಕು.

ಈ ವಿಷಯಗಳ ಕುರಿತು ಕಂಪನಿಗಳ ಪ್ರತಿನಿಧಿಗಳು, ಇಲಾಖೆಯ ಅಧಿಕಾರಿಗಳು ಮತ್ತು ನಮ್ಮನ್ನು ಒಟ್ಟಿಗೆ ಕೂರಿಸಿ, ಬರುವ ಬೇಸಿಗೆಯ ಬ್ಯಾಚುಗಳು ಶುರುವಾಗುವ ಮೊದಲೇ ಒಂದು ಸಭೆ ಕರೆಯಬೇಕೆಂದು ಕೋರುತ್ತೇವೆ. ಸಭೆಯನ್ನು ಬೆಂಗಳೂರಿನ ಬದಲು ಚಿಕ್ಕಬಳ್ಳಾಪುರದಲ್ಲಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ ಮುಗಿಯುವಂತೆ ಇಟ್ಟುಕೊಳ್ಳಬೇಕು. ಬಿಸಿಲೇರುವ ಹೊತ್ತಿಗೆ ನಾವು ಶೆಡ್ಡಿನಲ್ಲಿ ಇರಲೇಬೇಕಾಗುತ್ತದೆ. ಸಭೆಗೆ ಕಂಪನಿಯವರು ಕಳೆದ ಒಂದು ವರ್ಷದ ಬ್ಯಾಚುಗಳ ಸೆಟಲ್‌ಮೆಂಟ್ ಶೀಟುಗಳನ್ನು ತರುವಂತೆ ಲಿಖಿತವಾಗಿ ಸೂಚಿಸಬೇಕು. ನಮ್ಮ ಬಳಿ ಇರುವ ಪ್ರತಿಗಳನ್ನು ನಾವು ತರುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಗುತ್ತಿಗೆ ಕೋಳಿ ಸಾಕಾಣಿಕೆ ರೈತರು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಚಿಕ್ಕಬಳ್ಳಾಪುರ ಮತ್ತು ಕೋಲಾರ, ಇವರ ಅವಗಾಹನೆಗೆ ಹಾಗೂ ಮುಂದಿನ ಕ್ರಮಕ್ಕೆ.